ಅಂಗಳದ ಮೂಲೆಯ ಪಚ್ಚೆಗಳು

27 ಡಿಸೆಂಬರ್ 1953, ಆದಿತ್ಯವಾರ, ಬೆಳಿಗ್ಗೆ

ಬದನೆಗೆ ನೀರು ಹಾಕಿ ಆಯಿತು. ನಲವತ್ತು ಗಿಡ, ಇಪ್ಪತ್ತು ಕೊಡ. ಸೊಂಟ ನೋಯಲಿಲ್ಲ. ಮಳೆಗಾಲದ ಆಟಿ ತಿಂಗಳ ನೆರೆಯಲ್ಲಿ ಚಂದ್ರಗಿರಿ ಹೊಳೆಯನ್ನು ನೀರಿನ ಅಡಿಯಿಂದಲೇ ಒಂದೇ ಉಸಿರಿಗೆ ದಾಟಿ, ಆಚೆ ದಡದಲ್ಲಿ ಎದ್ದಾಗ ಬಾಯಿಯ ಬೀಡಿ ಇನ್ನೂ ಹೊಗೆಯಾಡುತ್ತಿದ್ದ ಮನುಷ್ಯ ಈ ತಾಲೂಕಿನಲ್ಲಿ ನಾನೊಬ್ಬನೇ. ಅಂಥವನಿಗೆ ಇಪ್ಪತ್ತು ಕೊಡ ಯಾವ ಲೆಕ್ಕ.

ಇದನ್ನು ಮೋಹಿನಿಗೂ ಹೇಳಿದೆ. ತಂಗಿ ದಮಯಂತಿಯ ಮಗಳು. ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಾಳೆ. ಭಾರ ಎತ್ತಬಾರದು, ಬಾವಿಕಟ್ಟೆಗೆ ಹೋಗಬಾರದು ಎಂದು ತಾಯಿ ಅವಳನ್ನು ಜಗಲಿಯಲ್ಲಿ ಕೂರಿಸಿದ್ದಾಳೆ. ಕೈಗೆ ಕೆಲಸವಿಲ್ಲ. ಕಣ್ಣಿಗೆ ಮಾತ್ರ ಬಿಡುವಿಲ್ಲ.

“ಕಳೆದ ಸಲ ಹೇಳುವಾಗ ಬೀಡಿ ಇರಲಿಲ್ಲ, ಮಾವ.”

“ಇತ್ತು. ಆಗ ನೀನು ಸಣ್ಣವಳು, ಬೀಡಿಯ ವಿಷಯ ಹೇಳಬಾರದು ಅಂತ ಬಿಟ್ಟದ್ದು.”

ಕೊನೆಯ ಕೊಡ ಬಗ್ಗಿಸುವಾಗ ಮುಂಗೈ ಮೇಲೆ ಒಂದು ನೊಣ ಬಂದು ಕೂತಿತು. ಹೊಡೆಯಲು ಕೈ ಎತ್ತಿದೆ. ಎತ್ತಿದ ಕೈ ಹಾಗೆಯೇ ನಿಂತಿತು. ನೊಣ ಅಲ್ಲ, ಜೇನಿನ ಜಾತಿ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಮೈಯೆಲ್ಲ ಹಸಿರು. ನವಿಲಿನ ಕುತ್ತಿಗೆಗೆ ಬಿಸಿಲು ಬಿದ್ದರೆ ಬರುವಂಥ ಹಸಿರು. ನನ್ನ ಬೆವರು ನೆಕ್ಕುತ್ತಿತ್ತು. ಚುಚ್ಚಲಿಲ್ಲ. ನೆಕ್ಕಿ ಮುಗಿಸಿ, ಮುಂಗಾಲಲ್ಲಿ ಮುಖ ಒರೆಸಿಕೊಂಡು ಹೋಯಿತು. ಊಟ ಮಾಡಿ ಕೈ ತೊಳೆದವರ ಹಾಗೆ.

ಇದನ್ನು ಹಿಂದೆ ಒಮ್ಮೆ ನೋಡಿದ್ದೇನೆ. ಎಲ್ಲಿ ಎಂದೂ ಗೊತ್ತುಂಟು. ಬರೆಯುವುದಿಲ್ಲ.

30 ಡಿಸೆಂಬರ್, ಬುಧವಾರ

ಮೂರು ದಿನ ಅವುಗಳ ಹಿಂದೆಯೇ ತಿರುಗಿದೆ. ಅವು ಹೋಗುವುದು ಬದನೆ ಹೂವಿಗೆ. ಹೂವಿನ ನಡುವಿನ ಹಳದಿ ಕೋಡುಗಳನ್ನು ಕಾಲಲ್ಲಿ ಅಪ್ಪಿ ಹಿಡಿದು ಮೈ ನಡುಗಿಸುತ್ತವೆ. ಝುಂ... ಎಂದು ಸಣ್ಣ ಶ್ರುತಿ. ಕೂಡಲೇ ಕೋಡಿನ ತುದಿಯಿಂದ ಅಕ್ಕಿಹಿಟ್ಟಿನಂಥ ಹುಡಿ ಉದುರುತ್ತದೆ. ಹೊಟ್ಟೆಗೆ, ಕಾಲಿಗೆ ಮೆತ್ತಿಕೊಂಡು ಮುಂದಿನ ಹೂವು.

ಪಕ್ಕದ ಮನೆಯ ಮುದ್ದಣ್ಣನ ಜೇನುನೊಣವೂ ಒಂದು ಬಂತು. ಸುತ್ತು ಹಾಕಿತು. ಮೂಸಿತು. ಬಾಗಿಲು ಹಾಕಿದ ಅಂಗಡಿಯ ಎದುರು ನಿಂತ ಗಿರಾಕಿಯ ಹಾಗೆ ಸ್ವಲ್ಪ ನಿಂತು ಹೋಯಿತು. ನಡುಗಿಸುವ ವಿದ್ಯೆ ಅದಕ್ಕೆ ಗೊತ್ತಿಲ್ಲ.

ದಮಯಂತಿ ಇವಕ್ಕೆ ಬೆವರುನೊಣ ಎನ್ನುತ್ತಾಳೆ. ಇಷ್ಟು ಚಂದದ ಜೀವಕ್ಕೆ ಅಂಥ ಹೆಸರು! ನಾನು ‘ಪಚ್ಚೆ’ ಎಂದು ಹೆಸರಿಟ್ಟೆ. ಇವತ್ತಿನಿಂದ ಇವು ನನ್ನವು.

ಮೋಹಿನಿ ಜಗಲಿಯಿಂದಲೇ ಹೇಳಿದಳು, “ಮಾವ, ಅವು ಅಂಗಳದ ಮೂಲೆಯಲ್ಲಿ ಇಳಿಯುವುದನ್ನು ಕಂಡೆ. ನೆಲದ ಒಳಗೆ ಹೋಗ್ತವೆ ಅಂತ ಕಾಣ್ತದೆ.”

“ನೆಲದೊಳಗೆ ಇರುವುದು ಇರುವೆ. ಇವು ಇರುವುದು ತೆಂಗಿನ ಮರದ ತುದಿಯಲ್ಲಿ. ನಾನೇ ಹತ್ತಿ ನೋಡಿದ್ದೇನೆ.”

(ಹತ್ತಿಲ್ಲ. ಮೊಣಕಾಲು ಬಗ್ಗದೆ ನಾಲ್ಕು ವರ್ಷ ಆಯಿತು.)

3 ಜನವರಿ 1954, ಆದಿತ್ಯವಾರ

ಇವತ್ತು ಚರಿತ್ರೆ ಶುರುವಾಯಿತು. ಸಾವಕಾಶವಾಗಿ ಬರೆಯುತ್ತೇನೆ.

ಮುದ್ದಣ್ಣ ಬೇಲಿಯ ಹತ್ತಿರ ಬಂದ. ಜೇನು ಸಾಕುವವರ ಸಂಘದಿಂದ ಎರಡು ಪೆಟ್ಟಿಗೆ ತಂದ ಮೇಲೆ ಅವನ ನಡಿಗೆಯೇ ಬೇರೆ. ಗಿಡಗಳನ್ನು ನೋಡಿದ. ತನ್ನ ಗದ್ದೆಯನ್ನು ನೋಡುವವನ ಹಾಗೆ.

“ಕಿಟ್ಟಣ್ಣ, ಬದನೆ ಚಂದ ಉಂಟು.”

“ನನ್ನ ಕೈಗುಣ.”

“ಕೈಗುಣ ಎಂತದ್ದು ಮಾರಾಯ, ನನ್ನ ಜೇನಿನ ಗುಣ. ಪೆಟ್ಟಿಗೆ ಇದ್ದಲ್ಲಿ ಸುತ್ತಿನ ಹಿತ್ತಿಲಿಗೆಲ್ಲ ಕಾಯಿ ಜಾಸ್ತಿ ಅಂತ ಸಂಘದವರೇ ಹೇಳಿದ್ದಾರೆ. ಹಾಗಾದರೆ ಹತ್ತು ಕಾಯಿಯಲ್ಲಿ ಒಂದು ನನ್ನ ಮನೆಗೆ ಬರುವುದು ನ್ಯಾಯ ಅಲ್ವಾ?”

“ನಿನ್ನ ನೊಣ ನನ್ನ ಹೂವಿನ ಹತ್ತಿರ ಬಂದು ದಾರಿ ಕೇಳಿ ಹೋಗ್ತದೆ. ಕೆಲಸ ಮಾಡುವುದು ನನ್ನ ಪಚ್ಚೆಗಳು.”

“ಯಾವ ಪಚ್ಚೆ?”

ತೋರಿಸಿದೆ. ಮುದ್ದಣ್ಣ ಬೇಲಿಗೆ ಒರಗಿ ನಗಾಡಿದ. ಬೇಲಿಯ ಒಂದು ಗೂಟ ಅಲುಗಿತು, ಅದನ್ನೂ ಅವನಿಂದಲೇ ಸರಿ ಮಾಡಿಸಬೇಕು.

“ಇದಾ? ಬೆವರು ನೆಕ್ಕುವ ನೊಣ! ಕಿಟ್ಟಣ್ಣ ಬೆವರುವುದೇ ಅಪರೂಪ, ಪಾಪ, ಅವು ಉಪವಾಸ ಸಾಯ್ತವೆ!”

ಕೋಪ ಬಂತು. ಪಂಥ ಹಾಕಿದೆ. ನಿನ್ನ ಪೆಟ್ಟಿಗೆಗಳನ್ನು ಇಲ್ಲಿಂದ ದೂರ ಒಯ್ಯಿ, ಆಮೇಲೂ ಕಾಯಿ ಆಗ್ತದಾ ಇಲ್ಲವಾ ನೋಡುವ. ಅಡೂರಿನ ಹೆಂಡತಿ ಮನೆಗೆ ಒಯ್ಯುತ್ತೇನೆ ಎಂದ. ಸರಿ ಎಂದೆ. ದಾರಿಯಲ್ಲಿ ಹೋಗುತ್ತಿದ್ದ ಶಾಲೆಯ ಶಿವಸುಬ್ರಹ್ಮಣ್ಯ ಮಾಸ್ಟ್ರನ್ನು ಕರೆದು ಜಡ್ಜ್ ಮಾಡಿದೆವು. ಮಾಸ್ಟ್ರು ಕರಾರು ಬರೆದರು. ಪೆಟ್ಟಿಗೆ ಹೋದ ದಿನ ಗಿಡದಲ್ಲಿರುವ ಕಾಯಿಯನ್ನೆಲ್ಲ ಕೊಯ್ಯಬೇಕು. ಆಮೇಲೆ ಮುಟ್ಟಬಾರದು. ಫೆಬ್ರವರಿ 14ಕ್ಕೆ ಎಣಿಕೆ. ನಲವತ್ತು ಗಿಡದಲ್ಲಿ ಬೆರಳುದ್ದದ ಕಾಯಿ ನೂರು ಇದ್ದರೆ ನಾನು ಗೆದ್ದೆ.

ನಾನು ಗೆದ್ದರೆ ಮುದ್ದಣ್ಣ ನನ್ನ ಬದನೆಯ ಬುಟ್ಟಿಯನ್ನು ತಲೆಯಲ್ಲಿ ಹೊತ್ತು ಬೋವಿಕಾನ ಪೇಟೆಗೆ ನಡೆಯಬೇಕು, ನನ್ನ ಪಚ್ಚೆಗಳ ಹೆಸರು ಕೂಗಿ ಮಾರಬೇಕು. ಸೋತರೆ ನಾನು ಅಡೂರಿನಿಂದ ಅವನ ಪೆಟ್ಟಿಗೆಯನ್ನು ತಲೆಯಲ್ಲಿ ಹೊತ್ತು ತರಬೇಕು, ದಾರಿಯ ಪ್ರತಿ ಮನೆಯ ಎದುರು ನಿಂತು “ನನ್ನ ಬದನೆಯ ಯಜಮಾನರು ಬರುತ್ತಿದ್ದಾರೆ” ಎನ್ನಬೇಕು. ಆಮೇಲೆ ಹತ್ತಕ್ಕೊಂದು ಕಾಯಿ, ಬದುಕಿರುವವರೆಗೆ.

ಮಾಸ್ಟ್ರು ಕೇಳಿದರು, “ಕಿಟ್ಟಣ್ಣ, ಕಳೆದ ವರ್ಷ ನಿಮ್ಮಲ್ಲೂ ಒಂದು ಜೇನು ಪೆಟ್ಟಿಗೆ ಇತ್ತಲ್ಲ?”

ಇತ್ತು. ಕುಂಬಳೆಯಿಂದ ತಂದದ್ದು. ಮೂರನೆಯ ದಿನ ನೊಣಗಳನ್ನು ನಾನೇ ಹಾರಿಬಿಟ್ಟೆ. ಕೂಡಿಹಾಕಿದ ಜೀವವನ್ನು ನೋಡಿ ಸಹಿಸುವ ಮನಸ್ಸು ನನ್ನದಲ್ಲ. ಊರಿಗೆಲ್ಲ ಹೀಗೆಯೇ ಹೇಳಿದ್ದೇನೆ. ಈಗ ಆ ಪೆಟ್ಟಿಗೆಯಲ್ಲಿ ದಮಯಂತಿಯ ಹೇಂಟೆ ಮೊಟ್ಟೆ ಇಡುತ್ತದೆ. ಐದು ರೂಪಾಯಿಯ ಪೆಟ್ಟಿಗೆ, ಮೊಟ್ಟೆಯಲ್ಲೇ ವಸೂಲಾಯಿತು.

6 ಜನವರಿ, ಬುಧವಾರ

ಪೆಟ್ಟಿಗೆಗಳು ಎತ್ತಿನ ಗಾಡಿಯಲ್ಲಿ ಅಡೂರಿಗೆ ಹೋದವು. ಬಾಯಿಗೆ ಬಟ್ಟೆ ತುರುಕಿ. ಮಾಸ್ಟ್ರು ಕಣ್ಣಾರೆ ನೋಡಿದರು. ಗಿಡದ ಕಾಯಿಗಳನ್ನು ಕೊಯ್ದು ಮೂರು ಮನೆಗೆ ಹಂಚಿದೆ. ಮುದ್ದಣ್ಣನ ಮನೆಗೂ. ದೊಡ್ಡಸ್ತಿಕೆ ಎಂದರೆ ಇದು.

ಮಧ್ಯಾಹ್ನ ಊಟಕ್ಕೆ ಬಡಿಸುವಾಗ ದಮಯಂತಿ ಕೇಳಿದಳು, “ಅಣ್ಣ, ಆ ಕುಂಬಳೆಯ ಮನುಷ್ಯ ಸಿಕ್ಕಿದನಾ?”

“ಸಿಗ್ತಾನೆ.”

“ಮೋಹಿನಿಗೆ ಮಾರ್ಚಿಯಲ್ಲಿ ದಿನ ತುಂಬ್ತದೆ. ಡಾಕ್ಟ್ರು, ಮದ್ದು, ಎಲ್ಲದಕ್ಕೂ ಅದೇ ದುಡ್ಡು.”

“ವಿಶ್ವಾಸದ ಮನುಷ್ಯ. ಫಸ್ಟ್ ಕ್ಲಾಸ್. ದುಡ್ಡು ಅವನ ಹತ್ತಿರ ಇದ್ದರೆ ಬ್ಯಾಂಕಿನಲ್ಲಿ ಇದ್ದ ಹಾಗೆ.”

ಅವಳು ಮೂರು ವರ್ಷ ಗೇರುಬೀಜ ಹೆಕ್ಕಿ ಮಾರಿ ಕೂಡಿಟ್ಟು ನನ್ನ ಕೈಗೆ ಕೊಟ್ಟ ದುಡ್ಡು ಅದು. ಅದರಲ್ಲಿ ಐದು ರೂಪಾಯಿ ಜೇನು ಪೆಟ್ಟಿಗೆಗೆ ಹೋಯಿತು, ಉಳಿದದ್ದನ್ನು ಪೆಟ್ಟಿಗೆ ಕೊಟ್ಟ ಕುಂಬಳೆಯವನ ಹತ್ತಿರ ಇಟ್ಟಿದ್ದೇನೆ. ಹಾಗೆಂದು ಅವಳಿಗೆ ಹೇಳಿದ್ದೇನೆ.

ಪಲ್ಯ ಚೆನ್ನಾಗಿತ್ತು.

10 ಜನವರಿ, ಆದಿತ್ಯವಾರ

ಸಣ್ಣ ಕಾಯಿ ಮೂವತ್ತು ಕಚ್ಚಿವೆ. ನಾಲ್ಕೇ ದಿನದಲ್ಲಿ! ಜನ ನೋಡಲು ಬರುತ್ತಿದ್ದಾರೆ. ಇವತ್ತು ಹನ್ನೊಂದು ಮಂದಿ. ಎಲ್ಲರನ್ನೂ ಗಿಡದ ಹತ್ತಿರ ಕೂರಿಸಿ ಪಚ್ಚೆಯ ಝುಂಕಾರ ಕೇಳಿಸಿದೆ. ಒಬ್ಬರು ನನ್ನನ್ನು “ಪಚ್ಚೆ ಕಿಟ್ಟಣ್ಣ” ಎಂದರು.

ಇಷ್ಟು ಜನ ಬರುವ ಅಂಗಳ ಹೀಗಿರಬಾರದು. ಸುಗ್ಗಿಯ ಕೊಯ್ಲು ಹೇಗೂ ಹತ್ತಿರ ಬಂತು, ತೆನೆ ಬಡಿಯಲು ದಮಯಂತಿ ಅಂಗಳ ಮಾಡಿಸುವವಳೇ. ಇಡೀ ಅಂಗಳ ಕೆತ್ತಿ, ನೀರು ಹಾಕಿ ಬಡಿದು, ಸೆಗಣಿಗೆ ಮಸಿ ಕಲಸಿ ಎರಡು ಸಲ ಬಳಿಯಬೇಕು ಎಂದೆ.

“ಮೂಲೆ ಬೇಡ ಅಣ್ಣ. ಭತ್ತಕ್ಕೆ ಇಷ್ಟೇ ಸಾಕು. ಆ ಮೂಲೆ ಯಾವಾಗಲೂ ಹಾಗೇ ಬಿಡುವುದಲ್ಲವಾ.”

“ಮೂಲೆಯೂ ಬೇಕು. ಕನ್ನಡಿಯ ಹಾಗಿರಬೇಕು. ನೋಡಿದವರಿಗೆ ಮುಖ ಕಾಣಬೇಕು.”

ಮೋಹಿನಿ ಏನೋ ಹೇಳಲು ಬಾಯಿ ತೆರೆದಳು. ತೆಂಗಿನ ಮರದ ವಿಷಯ ಮತ್ತೊಮ್ಮೆ ಹೇಳಿದೆ.

11 ಜನವರಿ, ಸೋಮವಾರ

ಅಂಗಳ ಆಯಿತು. ನಾನೇ ಅಡಿಕೆಹಾಳೆ ಹಿಡಿದು ಮೂಲೆಗೆ ಸೆಗಣಿ ಎಳೆದೆ. ಇಂಥ ಅಂಗಳ ಕುಂಬಳೆ ಸೀಮೆಯ ಅರಸರಿಗೂ ಇದ್ದಿರಲಾರದು.

16 ಜನವರಿ, ಶನಿವಾರ

ಹೂವು ಬೀಳುತ್ತಿದೆ.

ಮೂರು ದಿನದಿಂದ. ತೊಟ್ಟಿನ ಸಮೇತ. ಬೆಳಿಗ್ಗೆ ಗಿಡದ ಬುಡದಲ್ಲಿ ನೇರಳೆ ಬಣ್ಣ ಹಾಸಿದ ಹಾಗೆ. ಮೂವತ್ತು ಕಾಯಿ ಮೂವತ್ತರಲ್ಲೇ ನಿಂತಿದೆ. ನೀರು ಹೆಚ್ಚಾಯಿತೋ ಎಂದು ಕಡಿಮೆ ಮಾಡಿದೆ. ಕಡಿಮೆ ಆಯಿತೋ ಎಂದು ಹೆಚ್ಚು ಮಾಡಿದೆ. ಬೂದಿ ಹಾಕಿದೆ.

ಪಚ್ಚೆಗಳಿಲ್ಲ. ಇಡೀ ಬೆಳಿಗ್ಗೆ ಕಾದರೆ ಎರಡು, ಮೂರು. ಅವೂ ಹೂವಿನಲ್ಲಿ ನಿಲ್ಲುವುದಿಲ್ಲ. ಬೆವರು ನೆಕ್ಕಲೂ ಯಾರೂ ಇಲ್ಲ. ತೋಳು ಚಾಚಿ ಬಿಸಿಲಲ್ಲಿ ಒಂದು ಗಂಟೆ ನಿಂತಿದ್ದೆ.

ಮುದ್ದಣ್ಣ ಬೇಲಿಯಾಚೆಯಿಂದ, “ಕಿಟ್ಟಣ್ಣ, ಅಡೂರಿನ ದಾರಿ ಬಿಸಿಲಿನ ದಾರಿ ಮಾರಾಯ. ತಲೆಗೆ ಸಿಂಬಿ ಈಗಲೇ ಕಟ್ಟಿಡು.”

18 ಜನವರಿ, ಸೋಮವಾರ

ಬರೆಯಬಾರದ ವಿಷಯ. ಆದರೂ.

ಹುಡಿ ಉದುರುವುದು ಝುಂಕಾರಕ್ಕೆ. ಪಚ್ಚೆ ಇಲ್ಲದಿದ್ದರೆ ನಾನಿಲ್ಲವೇ? ಬೆಳಕು ಹರಿಯುವ ಮೊದಲೇ ಹಿತ್ತಿಲಿಗೆ ಹೋದೆ. ಹೂವನ್ನು ತುಟಿಯ ಹತ್ತಿರ ತಂದು, ಭಾಗವತರು ಶ್ರುತಿ ಹಿಡಿಯುವಂತೆ ಝುಂ... ಎಂದೆ. ಹೂವು ಅಲುಗಿತು. ಹುಡಿ ಬೀಳಲಿಲ್ಲ. ಏರು ಶ್ರುತಿಯಲ್ಲಿ ಎಂದೆ. ಇಳಿ ಶ್ರುತಿಯಲ್ಲಿ. ಹದಿನೇಳನೆಯ ಗಿಡದಲ್ಲಿ ಮೂಗಿಗೆ ಒಂದು ಇರುವೆ ಕಚ್ಚಿತು.

ಆಗ ಬೇಲಿಯಾಚೆ ಕೆಮ್ಮು.

“ಮಾರಾಯ, ಬದನೆಗೆ ಮುತ್ತು ಕೊಡುವುದಾ? ಈ ಪ್ರಾಯದಲ್ಲಿ?”

“ರೋಗ ಪರೀಕ್ಷೆ ಮಾಡ್ತಾ ಇದ್ದೇನೆ.”

“ಪಾಪ. ಅವಳಿಗೆ ನಾಚಿಕೆ ಆಗಿ ಹೂವೆಲ್ಲ ಉದುರಿಸಿದ್ದಾಳೆ ನೋಡು.”

ಮಧ್ಯಾಹ್ನದೊಳಗೆ ಊರಿಡೀ ಸುದ್ದಿ. ಇವತ್ತು ನೋಡಲು ಬಂದವರು ಇಪ್ಪತ್ತು ಮಂದಿ. ಗಿಡ ನೋಡಲು ಅಲ್ಲ.

19 ಜನವರಿ, ಮಂಗಳವಾರ

ಕೈಯೆಲ್ಲ ಸೆಗಣಿ. ಪುಟದಲ್ಲಿ ಕಲೆ ಬಿದ್ದರೆ ಬೀಳಲಿ.

ಬೆಳಿಗ್ಗೆ ಒಂಬತ್ತು ಗಂಟೆ. ಜಗಲಿಯಲ್ಲಿ ತಲೆಗೆ ಕೈ ಹಿಡಿದು ಕೂತಿದ್ದೆ. ಮೋಹಿನಿ ಮೆಲ್ಲಗೆ ಹೇಳಿದಳು, “ಮಾವ, ಬೈಯುವುದಿಲ್ಲ ಅಂತಾದರೆ ಒಂದು ತೋರಿಸ್ತೇನೆ.”

“ತೋರಿಸು.”

“ಮೂಲೆಯಲ್ಲಿ ಗಾಳಿಯನ್ನು ನೋಡಿ. ನೆಲ ಅಲ್ಲ. ನೆಲದಿಂದ ಒಂದು ಗೇಣು ಮೇಲೆ.”

ನೋಡಿದೆ. ಏಳೆಂಟು ಪಚ್ಚೆಗಳು. ಕನ್ನಡಿಯಂಥ ನನ್ನ ಸೆಗಣಿಯ ಮೇಲೆ ಹಾರಾಡುತ್ತಿದ್ದವು. ಒಂದೊಂದೂ ಒಂದೊಂದು ಜಾಗದ ಮೇಲೆ. ಇಳಿಯುವುದು, ಕಾಲಲ್ಲಿ ಕೆರೆಯುವುದು, ಏಳುವುದು, ಪುನಃ ಅದೇ ಜಾಗಕ್ಕೆ ಇಳಿಯುವುದು. ಎಂಟು ದಿನದಿಂದ ಹೀಗೆ ಮಾಡುತ್ತಿವೆಯಂತೆ. ಮೊದಲ ದಿನ ನಲವತ್ತು ಇದ್ದವಂತೆ. ರಾತ್ರಿ ಹುಲ್ಲುಕಡ್ಡಿ ಕಚ್ಚಿಕೊಂಡು ಮಲಗಿ, ಬೆಳಗಾದರೆ ಪುನಃ ಬಂದು ಬಾಗಿಲು ಹುಡುಕುವುದು.

ನಾನೇ ಮುಚ್ಚಿದ್ದು. ನನ್ನ ಕೈಯ ಹಾಳೆಯಿಂದ. ಎರಡು ಸಲ ಬಳಿದು.

ಯಾರಿಗೂ ಕೇಳದ ಹಾಗೆ ಮೋಹಿನಿಗೆ ಹೇಳಿದೆ, ತೆಂಗಿನ ಮರ ಹತ್ತಿ ನೋಡಿರಲಿಲ್ಲ ಎಂದು.

“ಗೊತ್ತುಂಟು ಮಾವ. ಮೊದಲು ಕೊಡೆಯ ಕಡ್ಡಿ ತನ್ನಿ.”

ಹಳೆಯ ಕೊಡೆಯಿಂದ ಒಂದು ಕಡ್ಡಿ ಮುರಿದೆ. ಚೊಂಬಿನಲ್ಲಿ ನೀರು. ಮೂಲೆಯಲ್ಲಿ ಮೊಣಕಾಲೂರಿ ಕೂತೆ. ಬಗ್ಗದ ಮೊಣಕಾಲು ಬಗ್ಗಿತು. ಮೋಹಿನಿ ಜಗಲಿಯ ಕಂಬಕ್ಕೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟು ದಾರಿ ಹೇಳಿದಳು.

“ಎಡಕ್ಕೆ ನಾಲ್ಕು ಬೆರಳು. ಇನ್ನೂ. ಹ್ಞಾಂ, ಅಲ್ಲೇ. ಅದು ಅಲ್ಲಿಯೇ ಇಳಿಯುವುದು.”

ಸೆಗಣಿಯ ಮೇಲೆ ನೀರು ಬಿಟ್ಟು ಮೆತ್ತಗಾದ ಮೇಲೆ ಸಿಪ್ಪೆಯ ಹಾಗೆ ಎತ್ತಿದೆ. ಅಡಿಯಲ್ಲಿ ಬಡಿದ ಮಣ್ಣು. ಕಡ್ಡಿಯಿಂದ ಮೆಲ್ಲಗೆ ಕೆದಕಿದೆ. ಒಂದು ತೂತು. ಪೆನ್ಸಿಲ್ ದಪ್ಪ ಕೂಡ ಇಲ್ಲ. ಕೈ ತೆಗೆಯುವ ಮೊದಲೇ ಪಚ್ಚೆ ನನ್ನ ಹೆಬ್ಬೆರಳನ್ನು ದಾಟಿ ಒಳಗೆ ನುಗ್ಗಿತು. ಒಂದು ಗಳಿಗೆ ಕಳೆದು ತಲೆ ಮಾತ್ರ ಹೊರಗೆ ಹಾಕಿ ಬಾಗಿಲಲ್ಲಿ ಕೂತಿತು. ನನ್ನನ್ನೇ ನೋಡಿತು.

ಅದು ಬೈದದ್ದೆಂದೇ ನನ್ನ ಅಭಿಪ್ರಾಯ.

ಒಂದು ಸಿಕ್ಕಿದ ಮೇಲೆ ಪಕ್ಕದವೂ ಸಿಕ್ಕಿದವು. ಮೂರು ಗಂಟೆಯೊಳಗೆ ನಲವತ್ತೊಂದು ಬಾಗಿಲು. ಅಷ್ಟರಲ್ಲಿ ದಮಯಂತಿ ಗದ್ದೆಯಿಂದ ಬಂದಳು. ತಲೆಯಲ್ಲಿ ತೆನೆಯ ಕಟ್ಟು. ಅಂಗಳ ನೋಡಿದಳು. ಕಟ್ಟು ಇಳಿಸಲಿಲ್ಲ.

“ಇದೆಂತ ಅವಸ್ಥೆ? ಕನ್ನಡಿಯ ಹಾಗೆ ಬೇಕು ಅಂದದ್ದು ನೀನೇ ಅಲ್ಲವಾ?”

“ಕನ್ನಡಿ ಬೇಡ. ಇವುಗಳ ಮನೆ ಉಂಟು ಇಲ್ಲಿ.”

“ನಾಳೆ ತೆನೆ ಬಡಿಯಲು ನಾಲ್ಕು ಜನ ಬರ್ತಾರೆ. ಮೂಲೆಯನ್ನೂ ಸೇರಿಸಿ ಕಣ ಅಂತ ಹೇಳಿ ಆಗಿದೆ. ಈಗಲೇ ಬಳಿಯಬೇಕು.”

“ದಮಯಂತಿ, ಬೇಡ.”

ನಾನು ಯಾರ ಹತ್ತಿರವೂ ಬೇಡಿದವನಲ್ಲ. ಆ ಮಾತು ಹೇಗೆ ಹೊರಬಂತೋ, ಅವಳಿಗೂ ಆಶ್ಚರ್ಯ ಆಯಿತು. ಕಟ್ಟು ಇಳಿಸಿದಳು. ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು. ತೂತುಗಳನ್ನು ನೋಡಿದಳು. ಆಮೇಲೆ ನನ್ನನ್ನು.

“ಅಣ್ಣ, ಒಂದು ಕೇಳ್ತೇನೆ. ಸತ್ಯ ಹೇಳಿದರೆ ಮೂಲೆ ನಿನಗೆ. ಕಳೆದ ವರ್ಷ ಆ ಜೇನು ಪೆಟ್ಟಿಗೆಗೆ ಎಷ್ಟು ಕೊಟ್ಟದ್ದು?”

“ಐದು.”

“ಐದೇ?”

“ಐದು.”

ಅವಳು ಎದ್ದಳು. ಸೀರೆಯ ನೆರಿಗೆ ಕೊಡವಿದಳು. ಕೊಟ್ಟಿಗೆಯ ಹಿಂದಿನಿಂದ ತೆಂಗಿನ ಸಿಪ್ಪೆ ತಂದು, ಮೂಲೆಯನ್ನು ಬಿಟ್ಟು, ಅಂಗಳಕ್ಕೆ ಅಡ್ಡವಾಗಿ ಸಾಲಾಗಿ ಇಟ್ಟಳು.

“ಆಚೆ ನಿನ್ನ ಪಚ್ಚೆ. ಈಚೆ ನನ್ನ ಭತ್ತ.”

ಸತ್ಯ ಹೇಳಿದರೆ ಮೂಲೆ ಎಂದವಳು. ಮೂಲೆ ಕೊಟ್ಟೇಬಿಟ್ಟಳು.

23 ಜನವರಿ, ಶನಿವಾರ

ಹೊಸ ಪಚ್ಚೆಗಳು! ನೆಲದೊಳಗಿಂದ ಬರುತ್ತಿವೆ! ಅಡಿಯಲ್ಲಿ ಮರಿಗಳು ಇದ್ದಿರಬೇಕು. ರೆಕ್ಕೆ ಇನ್ನೂ ಸುಕ್ಕು, ಬಿಸಿಲಲ್ಲಿ ಒಣಗಿಸಿಕೊಂಡು ನೇರ ಬದನೆಗೆ. ಮೋಹಿನಿ ಎಣಿಸಿದಳು, ಅರವತ್ತರ ನಂತರ ಲೆಕ್ಕ ತಪ್ಪಿತು. ಹೊಟ್ಟೆಯೊಳಗಿನದ್ದು ಒದ್ದದ್ದರಿಂದ ತಪ್ಪಿತು ಎಂದಳು.

ಸಿಪ್ಪೆಯ ಸಾಲಿನ ಈಚೆ ತೆನೆ ಬಡಿದವರು ಒಬ್ಬೊಬ್ಬರೂ ತಮ್ಮ ಬೆವರಿದ ತೋಳು ನನಗೆ ತೋರಿಸಿದರು. ಎಲ್ಲರ ಮೇಲೂ ಒಂದೊಂದು ಪಚ್ಚೆ.

2 ಫೆಬ್ರವರಿ, ಮಂಗಳವಾರ

ಹೂವು ಬೀಳುವುದು ನಿಂತಿದೆ. ಕಾಯಿ ಎಪ್ಪತ್ತೆರಡು. ಮುದ್ದಣ್ಣ ಎರಡು ದಿನದಿಂದ ಬೇಲಿಯ ಹತ್ತಿರ ಬಂದಿಲ್ಲ. ಬರಲಿಲ್ಲ ಎಂದು ನಾನೇ ಹೋದೆ.

“ಮುದ್ದಣ್ಣ, ಸಿಂಬಿ ಕಟ್ಟಿಟ್ಟಿದ್ದೇನೆ. ನಿನ್ನ ತಲೆಯ ಅಳತೆ ಬೇಕಿತ್ತು.”

ಅವನು ಅಳತೆ ಕೊಡಲಿಲ್ಲ.

14 ಫೆಬ್ರವರಿ, ಆದಿತ್ಯವಾರ

ಗೆದ್ದೆ! ಗೆದ್ದೆ! ಗೆದ್ದೆ!

ಮಾಸ್ಟ್ರು ಒಂದು ಕೈಯಲ್ಲಿ ನೋಟ್‌ಬುಕ್, ಇನ್ನೊಂದರಲ್ಲಿ ಬೆರಳುದ್ದ ಅಳೆಯಲು ಕಡ್ಡಿ ಹಿಡಿದು ಗಿಡದಿಂದ ಗಿಡಕ್ಕೆ ನಡೆದರು. ಮುದ್ದಣ್ಣ ಪ್ರತಿ ಕಾಯಿಗೂ ತಕರಾರು. “ಇದು ಬೆರಳುದ್ದ ಇಲ್ಲ ಮಾಸ್ಟ್ರೇ.” “ಯಾರ ಬೆರಳು ಮುದ್ದಣ್ಣ, ನಿಮ್ಮದಾ, ಮಗುವಿನದ್ದಾ?” ನೂರಕ್ಕೆ ಬಂದಾಗ ಇನ್ನೂ ಹದಿನಾಲ್ಕು ಗಿಡ ಬಾಕಿ. ಜನ ಕೂಗಿದರು. ಮಾಸ್ಟ್ರು ನಿಲ್ಲಿಸಲಿಲ್ಲ, ಲೆಕ್ಕ ಅಂದರೆ ಪೂರ್ತಿ ಆಗಬೇಕು ಎಂದರು. ಒಟ್ಟು ನೂರ ಅರವತ್ತಮೂರು. ಕೊನೆಯ ಗಿಡದಲ್ಲಿ ಒಂದು ಪಚ್ಚೆ ಹೂವು ಅಪ್ಪಿಕೊಂಡು ಝುಂ ಎನ್ನುತ್ತಿತ್ತು. ಮಾಸ್ಟ್ರು ಕನ್ನಡಕ ಸರಿಮಾಡಿ ಬಗ್ಗಿ ನೋಡಿದರು. ಮುದ್ದಣ್ಣನನ್ನು ಕರೆದು ಅವನಿಗೂ ತೋರಿಸಿದರು. ಮುದ್ದಣ್ಣ ಬಹಳ ಹೊತ್ತು ನೋಡಿದ.

“ಹುಡಿ ಬೀಳ್ತದೆ,” ಎಂದ. ಅಷ್ಟೇ.

ಆ ಎರಡು ಪದಕ್ಕೆ ನಾನು ಚಂದ್ರಗಿರಿಯನ್ನು ನಿಜವಾಗಿಯೂ ದಾಟಿಯೇನು.

15 ಫೆಬ್ರವರಿ, ಸೋಮವಾರ, ಸಂಜೆ

ಬೋವಿಕಾನದಲ್ಲಿ ಇಂಥ ಮೆರವಣಿಗೆ ಹಿಂದೆ ಆಗಿಲ್ಲ. ಎದುರಿನಲ್ಲಿ ಮುದ್ದಣ್ಣ, ತಲೆಯಲ್ಲಿ ಬುಟ್ಟಿ. ಹಿಂದೆ ನಾನು, ಕೊಡೆ ಹಿಡಿದು. ಒಂದು ಕಡ್ಡಿ ಇಲ್ಲದ ಕೊಡೆ, ಒಂದು ಬದಿ ಜೋಲುತ್ತಿತ್ತು. ಯಾರು ಕೇಳಿದರೂ “ಯುದ್ಧದಲ್ಲಿ ಹೋದದ್ದು” ಎಂದೆ. ನಮ್ಮ ಹಿಂದೆ ಅರ್ಧ ಊರು.

ಮುದ್ದಣ್ಣನದ್ದು ಒಳ್ಳೆಯ ಸ್ವರ ಎಂದು ಒಪ್ಪಬೇಕು. “ಬನ್ನಿ! ಪಚ್ಚೆಗಳ ಬದನೆ! ಕಿಟ್ಟಣ್ಣನ ಪಚ್ಚೆಗಳ ಬದನೆ! ಜೇನು ಮುಟ್ಟದ ಬದನೆ!” ಮೊದಲ ಕೂಗಿಗೆ ಮುಖ ಕೆಂಪಾಗಿತ್ತು. ನಾಲ್ಕನೆಯದಕ್ಕೆ ಅವನಿಗೇ ಹುರುಪು ಬಂತು. “ಬೆವರು ಕುಡಿದು ಬೆಳೆಸಿದ ಬದನೆ!” ಎಂದು ತಾನೇ ಸೇರಿಸಿದ. ಬಸ್ಸಿನಿಂದ ಇಳಿದವರೂ ಕೊಂಡರು. ಅರ್ಧ ಗಂಟೆಯಲ್ಲಿ ಬುಟ್ಟಿ ಖಾಲಿ.

ಮನೆಗೆ ಬಂದು ಮುದ್ದಣ್ಣ ದುಡ್ಡನ್ನು ದಮಯಂತಿಯ ಕೈಗೇ ಕೊಟ್ಟ. ಅವಳು ಬೆಲ್ಲ, ನೀರು ತಂದಿಟ್ಟಳು. ಅವನು ಜಗಲಿಯಲ್ಲಿ ಕೂತು ಕತ್ತು ಉಜ್ಜಿಕೊಳ್ಳುತ್ತ ಹೇಳಿದ, “ದಮಯಂತಿಯಕ್ಕ, ಸೋತದ್ದು ಸೋತೆ. ಒಂದು ಸಂಶಯ ಮಾತ್ರ ಉಳಿದಿದೆ. ಸಂಘದಲ್ಲಿಯೇ ನನಗೆ ಪೆಟ್ಟಿಗೆ ಒಂದಕ್ಕೆ ಹನ್ನೆರಡು ಬಿತ್ತು. ಕಿಟ್ಟಣ್ಣ ಐದಕ್ಕೆ ತಂದೆ ಅಂತಾನೆ. ಸುಳ್ಳು ಹೇಳಲಿಕ್ಕೂ ಒಂದು ಮಿತಿ ಬೇಡವಾ?”

ಜಗಲಿಯಲ್ಲಿ ಇನ್ನೂ ಏಳೆಂಟು ಜನ ಇದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಗೆಲುವಿನ ದಿನ.

ದಮಯಂತಿ ಲೋಟ ತೆಗೆದಿಡುತ್ತ, ನನ್ನ ಮುಖ ನೋಡದೆ ಹೇಳಿದಳು, “ಅಣ್ಣ ವ್ಯಾಪಾರಕ್ಕೆ ಕೂತರೆ ಹಾಗೆಯೇ ಮುದ್ದಣ್ಣ. ಐದು ಅಂದರೆ ಐದು. ನಾನೇ ಎಣಿಸಿ ಕೊಟ್ಟದ್ದು.”

ಮುದ್ದಣ್ಣ ಎರಡನೆಯ ಸಲ ಸೋತ.

ಅವಳು ಎಣಿಸಿ ಕೊಟ್ಟಿರಲಿಲ್ಲ. ನಾನು ಪೆಟ್ಟಿಗೆ ತಂದ ಮೇಲೆಯೇ ಅವಳಿಗೆ ಗೊತ್ತಾದದ್ದು. ಎಲ್ಲರೂ ಹೋದ ಮೇಲೆ ಬದನೆಯ ದುಡ್ಡನ್ನು ಡಬ್ಬಿಗೆ ಹಾಕುತ್ತ ಅವಳು ಮೋಹಿನಿಗೆ ಹೇಳುವುದು ಕೇಳಿಸಿತು: “ಇಷ್ಟಾಯಿತು. ಇನ್ನು ಕುಂಬಳೆಯವನದ್ದು ಬಂದರೆ ಹೆರಿಗೆಗೆ ಸಾಕು.”

16 ಫೆಬ್ರವರಿ, ಮಂಗಳವಾರ, ಬೆಳಿಗ್ಗೆ

ನೀರು ಹಾಕಿ ಆಯಿತು. ಇಪ್ಪತ್ತು ಕೊಡ. ಮುಂಗೈಯಲ್ಲಿ ಒಂದೇ ಸಲಕ್ಕೆ ನಾಲ್ಕು ಪಚ್ಚೆ.

ಮುದ್ದಣ್ಣ ಬಂದಿದ್ದ. ಬೇಲಿ ದಾಟಿ, ಚಪ್ಪಲಿ ಬಿಟ್ಟು. ಸಿಪ್ಪೆಯ ಸಾಲಿನ ಹತ್ತಿರ ನಿಂತು ಕೇಳಿದ, “ನನ್ನ ಅಂಗಳಕ್ಕೆ ನಾಲ್ಕು ಕೊಡ್ತೀಯಾ ಮಾರಾಯ?” ಇವು ಕೊಟ್ಟು ಬರುವವಲ್ಲ, ಅಂಗಳದ ಒಂದು ಮೂಲೆಗೆ ಸೆಗಣಿ ಬಳಿಯದೆ ಬಿಟ್ಟು ಕಾಯಬೇಕು ಎಂದು ಗುರುವಿನ ಹಾಗೆ ಹೇಳಿದೆ. ತಲೆಯಾಡಿಸಿ ಹೋದ. ಮುದ್ದಣ್ಣ! ತಲೆಯಾಡಿಸಿ! ಇದನ್ನು ನೋಡಲು ಮಾಸ್ಟ್ರು ಇರಬೇಕಿತ್ತು. ಇನ್ನು ಈ ಊರಿನಲ್ಲಿ ಮೂಲೆ ಬಿಡದ ಅಂಗಳ ಇರುವುದಿಲ್ಲ. ಅದಕ್ಕೆ ಕಾರಣ ನಾನು. ಸ್ವಲ್ಪ ಮೋಹಿನಿ.

ದಮಯಂತಿ ಒಳಗೆ ಅರೆಯುವ ಕಲ್ಲಿನಲ್ಲಿ ಅಕ್ಕಿ ಕಡೆಯುತ್ತಿದ್ದಾಳೆ. ಕಲ್ಲಿನ ಸದ್ದು ನಿಂತ ಮೇಲೆ ಹೋಗಿ ಹೇಳುವುದೆಂದು ನಿಶ್ಚಯ ಮಾಡಿದ್ದೇನೆ. ಊರಿನ ಎದುರು ನನಗಾಗಿ ಸುಳ್ಳು ಹೇಳಿದವಳಿಗೆ ಇನ್ನೂ ಐದು ಎನ್ನಲು ನಾಲಗೆ ಏಳುವುದಿಲ್ಲ. ಬಾಯಿಯಲ್ಲಿ ಹೇಳುವ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಕುಂಬಳೆಯಲ್ಲಿ ವಿಶ್ವಾಸದ ಮನುಷ್ಯ ಯಾರೂ ಇಲ್ಲ. ಇದ್ದವನು ಸ್ಟೇಷನ್ ಎದುರು ಪೆಟ್ಟಿಗೆ ಮಾರುತ್ತಿದ್ದ ಒಬ್ಬ. ಹೆಸರೂ ಕೇಳಿರಲಿಲ್ಲ. ನೊಣಗಳನ್ನು ನಾನು ಹಾರಿಬಿಡಲಿಲ್ಲ, ಅವೇ ಹೋದವು. ರಾಣಿ ಇಲ್ಲದ ಪೆಟ್ಟಿಗೆಯಲ್ಲಿ ಅವು ನಿಲ್ಲುವುದಿಲ್ಲ ಎಂದು ಅವನೇ ಮೊದಲೇ ಹೇಳಿದ್ದ. ರಾಣಿಯನ್ನು ಬೇರೆಯೇ ಕೊಟ್ಟಿದ್ದ, ಬೆಂಕಿಪೆಟ್ಟಿಗೆಯಲ್ಲಿ. ಸೀಮೆಯ ರಾಣಿ, ಹಡಗಿನಲ್ಲಿ ಬಂದದ್ದು, ನಮ್ಮ ದೇಶದಲ್ಲಿ ಈ ಬಣ್ಣ ಕಾಣಲಿಕ್ಕೇ ಸಿಗುವುದಿಲ್ಲ ಎಂದಿದ್ದ. ಮನೆಗೆ ಬಂದು ಬೆಂಕಿಪೆಟ್ಟಿಗೆ ತೆರೆದೆ. ಹಸಿರು ಮೈ, ನವಿಲಿನ ಕುತ್ತಿಗೆ. ನನ್ನ ಹೆಬ್ಬೆರಳ ಬೆವರನ್ನು ಒಮ್ಮೆ ನೆಕ್ಕಿ ಅಂಗಳದ ಮೂಲೆಯ ಕಡೆ ಹಾರಿ ಹೋಯಿತು. ನಮ್ಮದೇ ಪಚ್ಚೆ. ಯಾವ ಅಂಗಳದಲ್ಲಿ ಹಿಡಿದಿದ್ದನೋ.

ಕಲ್ಲಿನ ಸದ್ದು ನಿಂತಿತು.

ಐದಲ್ಲ ದಮಯಂತಿ. ನೀನು ಕೊಟ್ಟ ನಲವತ್ತೂ ಹೋಯಿತು. ಪೆಟ್ಟಿಗೆಗೆ ಮೂವತ್ತು, ರಾಣಿಗೆ ಏಳೂವರೆ, ಉಳಿದ ಎರಡೂವರೆ ಬಸ್ಸಿಗೆ, ಊಟಕ್ಕೆ, ಮತ್ತೆ ಆ ಮನುಷ್ಯನಿಗೇ ಕುಡಿಸಿದ ಒಂದು ಸೋಡಾ—